ಅತ್ತೆ ಹೆಡ್‌ಫೋನ್ ಕೊಳ್ಳುತ್ತಿದ್ದ ಬಗೆ

ಅತ್ತೆ ತಮ್ಮ ಜೀವಮಾನದಲ್ಲಿ ಯಾವ ಹೆಡ್‌ಫೋನನ್ನೂ ತಮ್ಮ ಕಿವಿಗಿಟ್ಟು ನೋಡಿ ಕೊಂಡವರಲ್ಲ. ಅಂಗಡಿಗೆ ಹೋದರೆ ಅದನ್ನು ಮೊದಲು ಅಂಗಡಿಯವನ ತಲೆಗೇರಿಸುತ್ತಿದ್ದರು, ಅವನು ಒಲ್ಲೆನೆಂದರೆ ನನ್ನ ತಲೆಗೆ. ಕೈಚೀಲದಿಂದ ಪುಟ್ಟ ರೆಕಾರ್ಡರನ್ನು ತೆಗೆದು ತಂತಿ ಸಿಕ್ಕಿಸಿ, ದನಿಯನ್ನು ಮುಕ್ಕಾಲು ಭಾಗ ಏರಿಸಿ, ಆಮೇಲೆ ಒಂದು ಮೊಳ ದೂರ ಸರಿದು ನಿಂತು, ಕಣ್ಣು ಮುಚ್ಚಿ, ಆ ತಲೆಯಿಂದ ಹೊರಕ್ಕೆ ಏನಾದರೂ ಬರುತ್ತಿದೆಯೇ ಎಂದು ಆಲಿಸುತ್ತಿದ್ದರು. ರೆಕಾರ್ಡರಿನಲ್ಲಿದ್ದದ್ದು ಹಾಡಲ್ಲ. ಬಟ್ಟೆ ಒಗೆಯುವ ಪುಡಿಯ ಡಬ್ಬಿಯ ಮೇಲೆ ಅಚ್ಚಾಗಿದ್ದ ಸೂಚನೆಗಳನ್ನು ಅತ್ತೆಯೇ, ತಮ್ಮ ನಿಧಾನವಾದ ಸ್ಪಷ್ಟ ದನಿಯಲ್ಲಿ, ಆರಂಭದಿಂದ ಅಂತ್ಯದವರೆಗೆ ಓದಿ ತುಂಬಿಸಿದ್ದರು. ಬಿಳಿ ಬಟ್ಟೆಯನ್ನೂ ಬಣ್ಣದ ಬಟ್ಟೆಯನ್ನೂ ಬೇರೆಬೇರೆಯಾಗಿ ನೆನೆಹಾಕತಕ್ಕದ್ದು ಎಂಬ ಮಾತನ್ನು ನಾನು ನನ್ನ ತಾರುಣ್ಯದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಅಂಗಡಿಯವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಅವರ ಪಾಲಿಗೆ ಹೆಡ್‌ಫೋನಿನ ಸದ್ಗುಣಗಳೆಲ್ಲ ಒಳಮುಖವಾದವು; ಗಿರಾಕಿಯ ಕಿವಿಯೊಳಗೆ ಎಷ್ಟು ಇಂಪಾಗಿ ಸುರಿಯುತ್ತದೆ ಎಂಬುದರ ಮೇಲೆ ಅದರ ಬೆಲೆ.

"ಸೌಂಡ್ ಹೇಗಿದೆ ಅಂತ ನೀವೇ ಕೇಳಿ ನೋಡಿ ಮೇಡಂ."

"ಸೌಂಡ್ ಹೇಗಿದೆ ಅಂತ ನನಗೆ ಬೇಡಪ್ಪಾ. ಇಲ್ಲಿ ನಿಂತವಳಿಗೆ ಕೇಳುತ್ತಾ ಅಂತ ಬೇಕು."

"ಓ, ಅದಾ. ಹೊರಗಿನ ಗಲಾಟೆ ಒಂಚೂರೂ ಒಳಗೆ ಬರಲ್ಲ, ಇದನ್ನ ತಗೊಳ್ಳಿ," ಎಂದು ಅವನು ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಅತ್ಯಂತ ದುಬಾರಿಯದನ್ನು ಹೊರತೆಗೆಯುತ್ತಿದ್ದ.

"ಹೊರಗಿನದು ಒಳಗೆ ಬಂದ್ರೆ ಬರ್ಲಿ. ಒಳಗಿನದು ಹೊರಗೆ ಹೋಗಬಾರದು."

ಇವೆರಡೂ ಬೇರೆಬೇರೆ ಗುಣಗಳೆಂದೂ, ಜಗತ್ತಿನ ಗದ್ದಲವನ್ನು ನುಂಗುವ ಬೆಲೆಬಾಳುವ ಯಂತ್ರವೂ ತನ್ನ ಹೊಟ್ಟೆಯೊಳಗಿನದನ್ನು ಧಾರಾಳವಾಗಿ ಪಕ್ಕದವರಿಗೆ ಹಂಚಬಹುದೆಂದೂ ಅತ್ತೆ ಆ ಪೇಟೆಯ ಅರ್ಧ ಅಂಗಡಿಗಳಿಗೆ ಪಾಠ ಹೇಳಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ತಲೆಯ ಮೇಲೆ ಹೆಡ್‌ಫೋನ್ ಹೊತ್ತು ಬೊಂಬೆಯಂತೆ ನಿಂತ ನನ್ನ ಸುತ್ತ ಅತ್ತೆ ಒಂದು ಸುತ್ತು ಬರುವುದನ್ನು ಕಂಡು ಉಳಿದ ಗಿರಾಕಿಗಳು ನಗುತ್ತಿದ್ದರು.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಮದುವೆಯಾಗಲಿಲ್ಲ, ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಇದ್ದರು. ಒಂದು ದೊಡ್ಡ ಆಸ್ಪತ್ರೆಯ ಪತ್ರದ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಬೆರಳಚ್ಚುಗಾರ್ತಿಯಾಗಿ ದುಡಿದರು. ಅಲ್ಲಿಯ ವೈದ್ಯರು ರೋಗಿಯನ್ನು ನೋಡಿದ ಮೇಲೆ, ಏನು ಕಂಡಿತು, ಏನು ಮಾಡಬೇಕು, ಎಷ್ಟು ಭರವಸೆಯಿದೆ ಎಂಬುದನ್ನೆಲ್ಲ ರೆಕಾರ್ಡರಿಗೆ ಹೇಳಿಬಿಡುತ್ತಾರೆ. ಪತ್ರದ ಕೋಣೆಯ ಆರು ಮಂದಿ ಹೆಡ್‌ಫೋನ್ ತೊಟ್ಟು, ಮೇಜಿನ ಕೆಳಗಿನ ಪೆಡಲನ್ನು ಕಾಲಿನಿಂದ ಒತ್ತಿ ದನಿಯನ್ನು ನಡೆಸುತ್ತ, ನಿಲ್ಲಿಸುತ್ತ, ತಿಳಿಯದಿದ್ದರೆ ಹಿಂದಕ್ಕೆ ಸರಿಸಿ ಮತ್ತೆ ಕೇಳುತ್ತ, ಅದನ್ನು ಪತ್ರವಾಗಿ ಬೆರಳಚ್ಚು ಮಾಡುತ್ತಾರೆ. ಊರಿನ ಯಾವ ಮನೆಯಲ್ಲಿ ಯಾರ ಯಾವ ಅಂಗ ಸೋಲುತ್ತಿದೆಯೆಂಬುದು ಆ ಮನೆಯವರಿಗಿಂತ ಮೊದಲು ಈ ಆರು ಮಂದಿಗೆ ಗೊತ್ತಾಗುತ್ತಿತ್ತು.

ಕಾಲು ಶತಮಾನದ ಈ ಕಸುಬು ಅತ್ತೆಯ ದೇಹಕ್ಕೆ ಅಂಟಿಕೊಂಡಿತ್ತು. ಮನೆಯಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಅತ್ತೆಯ ಬಲಪಾದ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು. ಮಾತು ಕೇಳಬಾರದ ಕಡೆಗೆ ತಿರುಗಿದರೆ ಆ ಪಾದ ತಾನಾಗಿಯೇ ಮೇಲೇಳುತ್ತಿತ್ತು. ನಡೆಯುವಾಗಲೂ ಬಲಗಾಲನ್ನು ಎಡಗಾಲಿಗಿಂತ ಹಗುರವಾಗಿ, ಏನನ್ನೋ ಅಕಸ್ಮಾತ್ತಾಗಿ ಶುರುಮಾಡಿಬಿಟ್ಟೇನೆಂಬ ಅಂಜಿಕೆಯಿಂದ ಎಂಬಂತೆ ಊರುತ್ತಿದ್ದರು. ವೈದ್ಯರು ರೆಕಾರ್ಡರಿನಲ್ಲಿ ವಾಕ್ಯದ ಕೊನೆಗೆ ಪೂರ್ಣವಿರಾಮ ಎಂದೂ, ವಿಷಯ ಬದಲಾದಾಗ ಹೊಸ ಪ್ಯಾರಾ ಎಂದೂ ಬಾಯಿಬಿಟ್ಟು ಹೇಳುವ ರೂಢಿಯಿದೆಯಷ್ಟೆ. ಅತ್ತೆಯ ನಾಲಿಗೆಗೂ ಅದು ಬಂದಿತ್ತು. ಅಪ್ಪ ಹಳೆಯ ಜಗಳ ಕೆದಕಿದರೆ "ಪೂರ್ಣವಿರಾಮ" ಎನ್ನುತ್ತಿದ್ದರು. ಅಮ್ಮ ನೆರೆಮನೆಯ ಸುದ್ದಿ ತೆಗೆದರೆ "ಅತ್ತಿಗೆ, ಹೊಸ ಪ್ಯಾರಾ" ಎನ್ನುತ್ತಿದ್ದರು. ಬೂದುಬಣ್ಣದ ಉಣ್ಣೆಯ ಕೋಟೊಂದನ್ನು ಬೇಸಿಗೆಯಲ್ಲೂ ಬಿಡುತ್ತಿರಲಿಲ್ಲ. ಪತ್ರದ ಕೋಣೆಯ ಫ್ಯಾನು ನೇರ ಅವರ ನೆತ್ತಿಯ ಮೇಲಿತ್ತು. ಅದನ್ನು ಆರಿಸಿರೆಂದು ಕೇಳಿ ಉಳಿದವರನ್ನು ಬೆವರಿಸುವುದಕ್ಕಿಂತ ತಾವೊಬ್ಬರೇ ಕೋಟು ತೊಡುವುದು ಲೇಸೆಂದು ನಿಶ್ಚಯಿಸಿ, ಆಮೇಲೆ ಆ ನಿಶ್ಚಯವನ್ನು ಬೀದಿಗೂ ಮನೆಗೂ ವಿಸ್ತರಿಸಿದ್ದರು. ಕೋಟಿನ ಒಳಜೇಬನ್ನು ತಾವೇ ಹರಿದು ದೊಡ್ಡದಾಗಿ ಹೊಲಿದುಕೊಂಡಿದ್ದರು, ಹೆಡ್‌ಫೋನ್ ಮಡಿಸಿ ಇಡುವುದಕ್ಕೆ.

"ನಿಮ್ಮತ್ತೆ ಹೊಟ್ಟೆಗೆ ಬಿದ್ದ ಮಾತು ಬಾವಿಗೆ ಬಿದ್ದ ಕಲ್ಲು" ಎಂದು ಅಮ್ಮ ಛೇಡಿಸುವುದಿತ್ತು. ಅದು ಹೊಗಳಿಕೆಯಾಗಿಯೇ ಉಳಿಯಲಿಲ್ಲ. ಒಮ್ಮೆ ಅಮ್ಮನಿಗೇ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಅದೇ ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ, ಫಲಿತಾಂಶಕ್ಕಾಗಿ ಕಾಯುತ್ತಿದ್ದೆವು. ಗಂಟು ನಿರಪಾಯಕಾರಿಯೆಂಬ ಪತ್ರವನ್ನು ಬುಧವಾರ ಬೆಳಗ್ಗೆ ಬೆರಳಚ್ಚು ಮಾಡಿದವರು ಅತ್ತೆಯೇ. ವೈದ್ಯರು ನಮ್ಮನ್ನು ಕರೆದು ಹೇಳಿದ್ದು ಶುಕ್ರವಾರ. ನಡುವಿನ ಎರಡು ದಿನ ಅಮ್ಮ ಅನ್ನ ಬಿಟ್ಟು ಮಲಗಿದ್ದರು; ಅತ್ತೆ ಪಕ್ಕದಲ್ಲಿ ಕೂತು ತಲೆ ನೇವರಿಸಿದರು, ಗಂಜಿ ಕುಡಿಸಿದರು, ತುಟಿ ಪಿಟಿಕ್ಕೆನ್ನಲಿಲ್ಲ. ಅತ್ತೆಗೆ ಮೊದಲೇ ಗೊತ್ತಿತ್ತೆಂದು ತಿಳಿದಾಗ ಅಮ್ಮ ಸಿಟ್ಟಿನಿಂದ ಅವರ ಎದುರು ಹೋಗಿ ನಿಂತರು.

"ಎರಡು ದಿನ ನಾನು ಸತ್ತು ಬದುಕಿದೀನಿ. ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಅತ್ತಿಗೆ."

"ಒಳ್ಳೇ ಸುದ್ದಿ ತಾನೇ? ಹೇಳಿದ್ರೆ ಯಾರ ಗಂಟು ಹೋಗ್ತಿತ್ತು?"

"ಇವತ್ತು ಒಳ್ಳೇದು ಅಂತ ಹೇಳಿದ್ರೆ, ಇನ್ನೊಂದು ದಿನ ನಾನು ಸುಮ್ಮನಿದ್ದಾಗ ನಿಮಗೆ ಅರ್ಥ ಆಗಿಬಿಡುತ್ತೆ."

ಅಮ್ಮ ಒಂದು ತಿಂಗಳು ಅತ್ತೆಯೊಡನೆ ಮಾತು ಬಿಟ್ಟರು. ನಾನೂ ಅಮ್ಮನ ಪಕ್ಷದಲ್ಲೇ ಇದ್ದೆ. ಇಷ್ಟು ಗಟ್ಟಿಯಾದ ಮೌನದಲ್ಲಿ ಏನೋ ಅಹಂಕಾರವಿದೆಯೆಂದು ಆಗ ನನಗೆ ಅನ್ನಿಸಿತ್ತು, ಈಗಲೂ ಆ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಆ ತಿಂಗಳ ಒಂದು ಸಂಜೆ, ಮನೆಯಲ್ಲಿ ಮಾತಾಡಲು ಬೇರೆ ಯಾರೂ ಇಲ್ಲದ್ದರಿಂದಲೋ ಏನೋ, ಅತ್ತೆ ನನ್ನನ್ನು ಮಹಡಿಗೆ ಕರೆದು, ಹೆಡ್‌ಫೋನಿನ ಹಿಂದೆ ತಾವು ಹೀಗೆ ಅಲೆಯುವುದು ಯಾತಕ್ಕೆಂಬುದನ್ನು ಮೊದಲ ಸಲ ಹೇಳಿದರು.

ಪತ್ರದ ಕೋಣೆಗೂ ಹೊರಗಿನ ಪಡಸಾಲೆಗೂ ನಡುವೆ ಇರುವುದು ಪ್ಲೈವುಡ್ಡಿನ ಅಡ್ಡಗೋಡೆ. ಅದರಲ್ಲಿ ಕಡತಗಳನ್ನು ಕೊಟ್ಟು ತೆಗೆದುಕೊಳ್ಳುವುದಕ್ಕೆ ಒಂದು ಕಿಂಡಿ. ಕಿಂಡಿಯ ಕೆಳಗೆ, ಹೊರಗಡೆ, ವೈದ್ಯರ ಕರೆಗೆ ಕಾಯುವವರ ಬೆಂಚು. ಅತ್ತೆಯ ಕುರ್ಚಿ ಕಿಂಡಿಗೆ ಎಲ್ಲರಿಗಿಂತ ಹತ್ತಿರ. ಆಸ್ಪತ್ರೆ ಕೊಟ್ಟಿದ್ದ ಹೆಡ್‌ಫೋನುಗಳು ತೆಳ್ಳಗಿನ ಸ್ಪಂಜಿನ ಬಿಲ್ಲೆಗಳು, ಕಿವಿಯ ಮೇಲೆ ಸುಮ್ಮನೆ ಒರಗುವಂಥವು. ತೊಟ್ಟವರಿಗೆ ಅದರ ದನಿ ಬಿಟ್ಟು ಬೇರೇನೂ ಕೇಳಿಸುವುದಿಲ್ಲವಾದ್ದರಿಂದ, ಆ ದನಿ ಹೊರಗೂ ಹೋಗುತ್ತಿದೆಯೆಂಬುದು ಅವರೊಬ್ಬರಿಗೆ ಮಾತ್ರ ಎಂದೂ ತಿಳಿಯುವುದಿಲ್ಲ.

ಒಂದು ಬೆಳಗ್ಗೆ ವೈದ್ಯರೊಬ್ಬರು ತುಂಬಿಸಿ ಕಳಿಸಿದ ದನಿಯಲ್ಲಿ ಒಬ್ಬ ರೋಗಿಯ ಕುರಿತು, ಅವರ ಮನೆಯ ಹತ್ತಿರದ ವೈದ್ಯರಿಗೆ ಬರೆಯಬೇಕಾದ ಪತ್ರವಿತ್ತು. ರೋಗಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಹನ್ನೆರಡು ಗಂಟೆಗೆ ಒಳಗೆ ಕರೆದು, ಕೂರಿಸಿ, ನಿಧಾನವಾಗಿ ಹೇಳುವುದಿತ್ತು. ಆ ವೈದ್ಯರಿಗೆ ವಾಕ್ಯದ ಕೊನೆಯನ್ನು ನುಂಗುವ ಚಾಳಿ. ಅತ್ತೆ ದನಿಯನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಿದರು, ಕೊನೆ ತಿಳಿಯಲಿಲ್ಲ. ದನಿ ಏರಿಸಿ ಕೇಳಿದರು. ಇನ್ನೂ ಏರಿಸಿ ಮತ್ತೊಮ್ಮೆ ಕೇಳಿದರು. ಬೆರಳಚ್ಚುಗಾರರು ಮಾತ್ರ ಮಾಡಬಲ್ಲ ತಪ್ಪು ಇದು, ಅದೂ ಅವರಲ್ಲಿ ಶ್ರದ್ಧೆಯುಳ್ಳವರು ಮಾತ್ರ. ಅಸಡ್ಡೆಯವಳಾಗಿದ್ದರೆ ಒಂದೇ ಸಲ ಕೇಳಿ ಅಂದಾಜಿನ ಮೇಲೆ ಬರೆದು ಮುಗಿಸುತ್ತಿದ್ದಳು. ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲ, ಉಳಿದಿರುವುದು ಮೂರು ತಿಂಗಳ ಮಾತು ಎಂಬ ವಾಕ್ಯ ನಾಲ್ಕು ಸಲ, ಒಂದಕ್ಕಿಂತ ಒಂದು ಜೋರಾಗಿ, ಸ್ಪಂಜಿನ ಬಿಲ್ಲೆಗಳನ್ನು ದಾಟಿ ಕಿಂಡಿಯಿಂದ ಹೊರಗೆ ಹೋಯಿತು.

ಬೆಂಚಿನಿಂದ ಒಬ್ಬರು ಎದ್ದು ಬಂದು ಕಿಂಡಿಯಲ್ಲಿ ಬಗ್ಗಿದರು. ಕೈಯಲ್ಲಿ ಸರದಿಯ ಚೀಟಿಯಿತ್ತು. ಅತ್ತೆ ಹೆಡ್‌ಫೋನ್ ಕೆಳಗಿಳಿಸಿದರು.

"ಈಗ ಅದರೊಳಗೆ ಯಾರೋ ಹೇಳ್ತಿದ್ರಲ್ಲ ಅಮ್ಮಾ, ಮೂರು ತಿಂಗಳು ಅಂತ. ಅದು ನನ್ನ ವಿಷಯನಾ?"

ಚೀಟಿಯ ಮೇಲಿನ ಹೆಸರನ್ನು ಅತ್ತೆ ತಲೆಕೆಳಗಾಗಿಯೇ ಓದಿದರು. ಓದಿ, "ಅಲ್ಲ, ಅದು ಬೇರೆಯವರದು" ಎಂದರು.

"ಹೌದಾ. ಪಾಪ, ಯಾರೋ ಏನೋ," ಎಂದು ಅವರು ಹೋಗಿ ಬೆಂಚಿನಲ್ಲಿ ಕೂತರು. ಹನ್ನೆರಡಕ್ಕೆ ಅವರನ್ನು ಒಳಗೆ ಕರೆದರು. ಅರ್ಧ ಗಂಟೆಯ ಮೇಲೆ ಹೊರಬಂದವರು ಕಿಂಡಿಯ ಮುಂದಿನಿಂದಲೇ ಹಾದುಹೋದರು, ಒಳಗೆ ನೋಡಲಿಲ್ಲ. ಅಷ್ಟೇ ಅತ್ತೆ ಹೇಳಿದ್ದು. ಅವರು ಗಂಡಸೋ ಹೆಂಗಸೋ, ವಯಸ್ಸೆಷ್ಟು, ಕಾಯಿಲೆ ಯಾವುದು ಎಂಬುದನ್ನು ನನಗೂ ಹೇಳಲಿಲ್ಲ, ಮುಂದೆಯೂ ಎಂದೂ ಹೇಳಲಿಲ್ಲ. "ಆ ಪಾಪ ಅಂದಿದ್ದು ನನ್ನ ಕಿವಿಯಿಂದ ಹೋಗ್ತಾ ಇಲ್ಲ ಕಣೋ" ಎಂದು ಮಾತ್ರ ಹೇಳಿ, "ಹೊಸ ಪ್ಯಾರಾ" ಎಂದರು.

ಕಿಂಡಿಯ ಆ ಘಟನೆ ನಡೆದ ವಾರವೇ ಅವರು ತಮ್ಮ ಸ್ವಂತ ಹೆಡ್‌ಫೋನ್ ಕೊಂಡದ್ದು. ಸವೆದಾಗಲೆಲ್ಲ ಹೊಸದನ್ನು ಕೊಂಡರು, ಪ್ರತಿಸಲವೂ ಅದೇ ಪರೀಕ್ಷೆ. ಸಂಬಳ ಬೆರಳಚ್ಚುಗಾರ್ತಿಯದು, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಅಗ್ಗವಾಗಿಯೂ ಇರಬೇಕು, ಸೋರಲೂ ಕೂಡದು ಎಂಬ ಈ ಕಠಿಣ ವ್ರತದಲ್ಲಿ ಅವರಿಗೆ ಸಿದ್ಧಿಸಿದ ಜ್ಞಾನ ಅಪಾರ. ಕಿವಿ ಮುಚ್ಚುವ ಬಟ್ಟಲಿನ ಬೆನ್ನಲ್ಲಿ ಜಾಲರಿ ಅಥವಾ ತೂತುಗಳಿದ್ದರೆ ಅದನ್ನು ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಕಿವಿಯ ಮೇಲೆ ಕೂರುವುದು ಬೇಡ, ಇಡೀ ಕಿವಿಯನ್ನು ಸುತ್ತುವರಿದು ಮುಚ್ಚುವುದು ಬೇಕು. ಅದರ ಮೆತ್ತೆ ದಪ್ಪಗಿರಬೇಕು, ನಯವಾದ ಹೊದಿಕೆಯದಾಗಿರಬೇಕು. ಕನ್ನಡಕ ಹಾಕುವವರಾದರೆ ಕನ್ನಡಕದ ಕಾಲು ಮೆತ್ತೆಯನ್ನು ಎತ್ತಿಹಿಡಿದು ಸಂದು ಮಾಡುತ್ತದೆ, ಆ ಸಂದಿನಿಂದ ಅರ್ಧ ಮಾತು ಹೊರಗೆ. ಈ ಒಂದು ಕಾರಣಕ್ಕೆ ಅತ್ತೆ ತಮ್ಮ ದಪ್ಪ ಚೌಕಟ್ಟಿನ ಕನ್ನಡಕವನ್ನು ಬಿಟ್ಟು ತಂತಿಯಷ್ಟು ತೆಳುವಾದ ಕಾಲಿನದನ್ನು ಹಾಕಿಕೊಂಡರು. ಕಿವಿಯೊಳಗೇ ತುರುಕುವ ಪುಟ್ಟವು ಸೋರುವುದು ಇನ್ನೂ ಕಡಿಮೆಯೆಂದು ಅವರಿಗೆ ಗೊತ್ತಿತ್ತು. ಆದರೆ ದಿನಕ್ಕೆ ಎಂಟು ಗಂಟೆ ಅದನ್ನು ತುರುಕಿಕೊಂಡರೆ ಕಿವಿ ಹುಣ್ಣಾಗುತ್ತದೆ, ಒಬ್ಬರು ರಜೆಯಲ್ಲಿದ್ದ ದಿನ ಅವರದನ್ನು ಇನ್ನೊಬ್ಬರು ಹಾಕಿಕೊಳ್ಳುವಂತೆಯೂ ಇಲ್ಲ. ಮಾತನ್ನು ಮಾತಿನಿಂದಲೇ ಪರೀಕ್ಷಿಸಬೇಕೆಂಬುದು ಅವರ ಇನ್ನೊಂದು ಸಿದ್ಧಾಂತ. ಹಾಡು ಸೋರಿದರೆ ಗುಂಯ್ ಎನ್ನುತ್ತದೆ, ಮಾತು ಸೋರಿದರೆ ಅರ್ಥವಾಗುತ್ತದೆ ಎನ್ನುತ್ತಿದ್ದರು.

ಆದರೆ ಆರು ಕುರ್ಚಿಗಳಲ್ಲಿ ಒಂದು ಮಾತ್ರ ಭದ್ರವಾದರೆ ಬೆಂಚಿನವರಿಗೆ ಏನು ಬಂತು? ಅತ್ತೆ ವರ್ಷವರ್ಷವೂ ಕಚೇರಿಗೆ ಅರ್ಜಿ ಬರೆದರು. ಪರಿಶೀಲನೆಯಲ್ಲಿದೆ ಎಂಬ ಉತ್ತರ ವರ್ಷವರ್ಷವೂ ಬಂತು. ಜೊತೆಯ ಐವರಿಗೆ ಹೇಳಿದರೆ ಅವರು ಮೂಗು ಮುರಿದರು. ಮುಚ್ಚುವ ಹೆಡ್‌ಫೋನ್ ಕಿವಿಯನ್ನು ಒತ್ತುತ್ತದೆ, ಬೆವರಿಸುತ್ತದೆ. ಕಿಂಡಿಯಲ್ಲಿ ನಡೆದದ್ದನ್ನು ಹೇಳಿಬಿಟ್ಟಿದ್ದರೆ ಅವರು ಅಂದೇ ಒಪ್ಪುತ್ತಿದ್ದರೋ ಏನೋ. ಆದರೆ ಅವರೆಲ್ಲ ಅದೇ ಪತ್ರಗಳನ್ನು ಬೆರಳಚ್ಚು ಮಾಡುವವರು. ದಿನ ಹೇಳಿದರೆ ಹೆಸರು ಗೊತ್ತಾಗುತ್ತದೆ. ಒಮ್ಮೆ ಸೋರಿದ್ದನ್ನು ತಡೆಯುವ ನೆಪದಲ್ಲಿ ಎರಡನೆಯ ಸಲ ಸೋರಿಸಲು ಅತ್ತೆ ಸಿದ್ಧರಿರಲಿಲ್ಲ.

ಈ ನಡುವೆ ಅಂಗಡಿಯ ಪರೀಕ್ಷೆಯಲ್ಲಿ ಒಂದು ಬದಲಾವಣೆಯಾಯಿತು. ಅದನ್ನು ನಾನು ಗಮನಿಸಿದೆ, ಅದರ ಅರ್ಥವನ್ನು ಗಮನಿಸಲಿಲ್ಲ. ಒಂದು ದಿನ ಅತ್ತೆ ಹೆಡ್‌ಫೋನನ್ನು ಅಂಗಡಿಯವನ ತಲೆಗಿಟ್ಟು, ತಾವು ಕೌಂಟರಿನ ಹತ್ತಿರ ನಿಂತು, "ನೀನು ಹೋಗಿ ಕೇಳು" ಎಂದು ನನ್ನನ್ನು ಮುಂದೆ ತಳ್ಳಿದರು. ಅಂದಿನಿಂದ ಕೇಳುವವನು ನಾನೇ ಆದೆ. "ಸರಿಯಾಗಿ ಕೇಳಿದ್ಯಾ? ಯಾವ ಮಾತು ತಿಳೀತು? ಎಲ್ಲಿ ನಿಂತಾಗ?" ಎಂದು ಅತ್ತೆ ಸಾಕ್ಷಿಯನ್ನು ವಿಚಾರಿಸುವ ವಕೀಲರಂತೆ ನನ್ನನ್ನು ಪ್ರಶ್ನಿಸುತ್ತಿದ್ದರು. ಅಂತೂ ನನ್ನ ಕಿವಿಗೂ ಬೆಲೆ ಬಂತೆಂದು ನಾನು ಬೀಗಿದೆ.

ಅತ್ತೆಯ ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿದ್ದಾಗ ಸುಸಮಯವೊಂದು ಒದಗಿತು. ಪತ್ರದ ಕೋಣೆಯ ಹೆಡ್‌ಫೋನುಗಳನ್ನು ಒಟ್ಟಾಗಿ ಬದಲಿಸಲು ಕಚೇರಿ ತೀರ್ಮಾನಿಸಿತು. ಅಂಥ ಖರೀದಿ ಹತ್ತು ವರ್ಷಕ್ಕೊಮ್ಮೆ. ಉಗ್ರಾಣದ ಅಧಿಕಾರಿ ತರಿಸಿಟ್ಟ ಮಾದರಿ ಮತ್ತದೇ ಸ್ಪಂಜಿನ ಬಿಲ್ಲೆ. ಈಗ ತಪ್ಪಿದರೆ ಇನ್ನು ಹತ್ತು ವರ್ಷ ಬೆಂಚಿನ ಮೇಲೆ ಕೂತವರ ಗತಿ ಇಷ್ಟೇ ಎಂದು ಅತ್ತೆ ಊಟದ ಹೊತ್ತಿನಲ್ಲಿ ಎರಡೆರಡು ಸಲ ಹೇಳಿದರು. ಮೂರು ಭಾನುವಾರ ನಾವಿಬ್ಬರೂ ಪೇಟೆ ಸುತ್ತಿದೆವು. ಮೂರನೆಯ ಭಾನುವಾರ, ಶಾಲೆಗಳಿಗೆ ಗಣಕಯಂತ್ರದ ಸಾಮಾನು ಪೂರೈಸುವ ಒಂದು ಮಂಕು ಅಂಗಡಿಯ ಹಿಂದಿನ ಕಪಾಟಿನಲ್ಲಿ ಅದು ಸಿಕ್ಕಿತು: ನೋಡಲು ಕುರೂಪಿ, ಕಪ್ಪು, ದಪ್ಪ ಮೆತ್ತೆ, ಬಿಗಿ ಹಿಡಿತ, ಬೆನ್ನಲ್ಲಿ ಒಂದು ತೂತೂ ಇಲ್ಲ, ಬೆಲೆ ಕಚೇರಿಯ ಮಿತಿಯೊಳಗೆ. ಅಂಗಡಿಯವನ ತಲೆಯಿಂದ ಒಂದು ಗೇಣು ದೂರಕ್ಕೆ ನನ್ನ ಕಿವಿಯನ್ನು ಒಯ್ದರೂ ಬಟ್ಟೆ ಒಗೆಯುವ ಸೂಚನೆಗಳಲ್ಲಿ ಒಂದೂ ಕೇಳಿಸಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸಿದಾಗ ಅವರ ಕಣ್ಣು ತುಂಬಿದ್ದನ್ನು ಕಂಡು ಒಂದು ಹೆಡ್‌ಫೋನಿಗೆ ಇಷ್ಟೊಂದೇ ಎಂದು ನನಗೆ ಅಚ್ಚರಿಯಾಯಿತು.

ಅಧಿಕಾರಿಗೆ ಅಚ್ಚರಿಯಾಗಲಿಲ್ಲ. ಅತ್ತೆ ಅವರನ್ನು ಬೆಂಚಿನ ಮೇಲೆ ಕೂರಿಸಿ, ಹಳೆಯ ಸ್ಪಂಜಿನದನ್ನು ತೊಟ್ಟು ತಮ್ಮ ರೆಕಾರ್ಡರನ್ನು ನಡೆಸಿ ತೋರಿಸಿದರೆ, ಅವರು ನಕ್ಕರಂತೆ.

"ಬಿಳೀ ಬಟ್ಟೆ ಬೇರೆ ನೆನೆಹಾಕಬೇಕು ಅಂತ ಗೊತ್ತಾಯ್ತಮ್ಮಾ. ಅದರಲ್ಲಿ ಯಾರದೇನು ಗುಟ್ಟಿದೆ? ಕಾಯಿಲೆ ಟೆನ್ಶನ್‌ನಲ್ಲಿ ಕೂತವರು ಇದನ್ನೆಲ್ಲ ಕಿವಿಗೆ ಹಾಕ್ಕೊಳ್ಳಲ್ಲ."

ಅತ್ತೆ ಆ ರಾತ್ರಿ ಊಟ ಬೇಗ ಮುಗಿಸಿ ಮಹಡಿಗೆ ಹೋದರು. ನಿಜವಾದ ಪತ್ರವೊಂದನ್ನು ಕೇಳಿಸದ ಹೊರತು ಅಧಿಕಾರಿ ನಂಬುವುದಿಲ್ಲ. ಯಾವ ರೋಗಿಯ ಪತ್ರವನ್ನೂ ಕೇಳಿಸುವಂತಿಲ್ಲ. ಮರುದಿನ ಬೆಳಗ್ಗೆ, ಇನ್ನೊಂದೇ ಒಂದು ಸಲ ಬೆಂಚಿನ ಮೇಲೆ ಕೂರಬೇಕೆಂದು ಅಧಿಕಾರಿಯನ್ನೂ ಜೊತೆಯ ಐವರನ್ನೂ ಕೇಳಿಕೊಂಡರು. ಹೊಸ ಮಾದರಿಯ ಪೆಟ್ಟಿಗೆಯನ್ನು ಹೊತ್ತು ತಂದಿದ್ದ ನಾನೂ ಬೆಂಚಿನ ತುದಿಯಲ್ಲಿ ಕೂತೆ. ಎಲ್ಲರೂ ಸೇರಿದ್ದು ಮಧ್ಯಾಹ್ನದ ಊಟದ ಸಮಯಕ್ಕೆ; ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಒಳಗೆ ಪೆಡಲಿನ ಸದ್ದಾಯಿತು. ಕಿಂಡಿಯಿಂದ ಅತ್ತೆಯದೇ ಓದುವ ದನಿ, ಸಣ್ಣದಾಗಿ, ಆದರೆ ಅಕ್ಷರ ಅಕ್ಷರವೂ ತಿಳಿಯುವಂತೆ ಹೊರಬಂತು. ಐವತ್ತೇಳು ವರ್ಷದ ಮಹಿಳೆ, ಇಪ್ಪತ್ತಾರು ವರ್ಷದಿಂದ ಹೆಡ್‌ಫೋನ್ ಧರಿಸಿ ಬೆರಳಚ್ಚು ಕೆಲಸ, ಪೂರ್ಣವಿರಾಮ. ಬಲಗಿವಿಯ ಶ್ರವಣಶಕ್ತಿ ಬಹುತೇಕ ನಷ್ಟವಾಗಿದೆ, ಎಡಗಿವಿಯದು ಅರ್ಧಕ್ಕಿಂತ ಕಡಿಮೆ, ಪೂರ್ಣವಿರಾಮ. ಮೂರು ವರ್ಷದಿಂದ ಈಕೆ ದನಿಯನ್ನು ಹೆಚ್ಚಿಸಿಕೊಂಡು ಕೆಲಸ ನಡೆಸುತ್ತಿದ್ದು, ಮೇಲಧಿಕಾರಿಗಳಿಗಾಗಲಿ ಮನೆಯವರಿಗಾಗಲಿ ತಿಳಿಸಿರುವುದಿಲ್ಲ, ಪೂರ್ಣವಿರಾಮ. ಹೊಸ ಪ್ಯಾರಾ. ಇದೇ ಕೆಲಸದಲ್ಲಿ ಮುಂದುವರಿಯುವುದು ಹಿತವಲ್ಲವೆಂದು ನನ್ನ ಅಭಿಪ್ರಾಯ.

ಅದು ಊರಿನ ಇನ್ನೊಂದು ತುದಿಯ ಕಿವಿವೈದ್ಯರು ಕೊಟ್ಟ ಪತ್ರ. ತಮ್ಮದೇ ಆಸ್ಪತ್ರೆಯಲ್ಲಿ ತೋರಿಸಿಕೊಂಡರೆ ಪಕ್ಕದ ಕುರ್ಚಿಯವಳು ಅದನ್ನು ಬೆರಳಚ್ಚು ಮಾಡಬೇಕಾಗುತ್ತದೆಂದು ಅತ್ತೆ ಅಲ್ಲಿಗೆ ಹೋಗಿದ್ದರು. ಅಂಗಡಿಯಲ್ಲಿ ಅತ್ತೆ ನನ್ನನ್ನು ಮುಂದೆ ತಳ್ಳುತ್ತಿದ್ದುದು ಯಾಕೆಂದು ನನಗೆ ಆಗ ಗೊತ್ತಾಯಿತು; ನನ್ನ ಮೇಲೆ ನನಗೇ ಅಸಹ್ಯವಾಯಿತು. ಕಿರಿಯ ಬೆರಳಚ್ಚುಗಾರ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಧಿಕಾರಿ ತಮ್ಮ ಬೂಟಿನ ತುದಿಯನ್ನು ನೋಡುತ್ತಿದ್ದರು.

ಆಮೇಲೆ ಅತ್ತೆ ಹೊಸದನ್ನು ತೊಟ್ಟು ಅದೇ ಪತ್ರವನ್ನು ಮೊದಲಿನಿಂದ ನಡೆಸಿದರು. ಪೆಡಲು ಒತ್ತಿದ ಸದ್ದು ಕೇಳಿಸಿತು, ಅಷ್ಟೇ. ನಾವು ಏಳು ಮಂದಿ, ಏನೂ ಕೇಳಿಸದ ಆ ಒಂದು ನಿಮಿಷದುದ್ದಕ್ಕೂ, ಈಗ ಒಳಗೆ ಯಾವ ವಾಕ್ಯ ಓಡುತ್ತಿರಬಹುದೆಂದು ಊಹಿಸುತ್ತ ಕೂತಿದ್ದೆವು. ಮುಗಿದ ಮೇಲೆ ಅತ್ತೆ ಕಿಂಡಿಯಲ್ಲಿ ಬಗ್ಗಿದರು.

"ಮೊದಲನೇದು ಕೇಳ್ತಾ ಸಾರ್?"

"ಕೇಳ್ತಮ್ಮಾ," ಎಂದರು ಅಧಿಕಾರಿ.

"ಎರಡನೇದು?"

"ಇಲ್ಲ."

"ಹಾಗಾದ್ರೆ ಎರಡನೇದನ್ನೇ ತರಿಸಿ."

ಅವರು ತರಿಸಿದರು. ಕೆಟ್ಟ ಮನುಷ್ಯರಲ್ಲ; ಅಂದೇ ಸಹಿ ಹಾಕಿದರು. ಆದರೆ ಬೆಂಚಿನ ಮೇಲೆ ಕೂತು ಅಧಿಕೃತವಾಗಿ ಕೇಳಿದ್ದನ್ನು ಕೇಳಿಲ್ಲವೆನ್ನುವುದು ಅವರಿಂದ ಆಗಲಿಲ್ಲ. ಮೇಲಕ್ಕೆ ವರದಿ ಮಾಡಿದರು. ಆರು ಹೆಡ್‌ಫೋನುಗಳು ಬಂದದ್ದು ಐದು ವಾರಕ್ಕೆ. ಅತ್ತೆಯನ್ನು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ಕಳಿಸುವ ಆದೇಶ ಎರಡನೆಯ ವಾರಕ್ಕೇ ಬಂತು. ತಾವು ಹುಡುಕಿ ಆರಿಸಿದ ಹೆಡ್‌ಫೋನನ್ನು ಅತ್ತೆ ಕೆಲಸದಲ್ಲಿ ಒಂದು ದಿನವೂ ತೊಡಲಿಲ್ಲ. ಅವರ ಕುರ್ಚಿಗೆ ಬೇರೆಯವರು ಬಂದರು.

ಕಡತದ ಕೋಣೆಯ ಒಂದು ವರ್ಷವನ್ನು ಅವರು ದೂರದೆ ಕಳೆದರೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಮೊದಲು ಮನೆಗೆ ಬಂದವರೇ ಕೋಟು ಕಳಚದೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ದನಿಗಳ ನಡುವೆ ಬಾಳಿದವರಿಗೆ ಧೂಳು ಹಿಡಿದ ಕಾಗದದ ಸಹವಾಸ ಹಿತವಾಗಲಿಲ್ಲ. ಅಪ್ಪ ಮೇಲಿನವರಿಗೆ ಹೇಳಿಸುತ್ತೇನೆಂದು ಹೊರಟರೆ ಬೇಡವೆಂದು ತಡೆದರು. ಅಮ್ಮನಿಗಂತೂ ಸಿಟ್ಟು ಬೇರೆ ದಾರಿ ಹಿಡಿಯಿತು. "ನಮಗೂ ಹೇಳಲಿಲ್ವಲ್ಲ, ನಾವೇನು ಪರರಾ" ಎಂದು ಎದುರಿಗೆ ಕೂತು ಅತ್ತರು. ಅತ್ತೆ ಎಡಗಿವಿಯನ್ನು ಅವರ ಕಡೆಗೆ ತಿರುಗಿಸಿಕೊಂಡು, ಅತ್ತು ಮುಗಿಯುವವರೆಗೆ ಪೂರ್ತಿ ಕೇಳಿಸಿಕೊಂಡರು.

ನಿವೃತ್ತಿಯ ದಿನ ಅವರನ್ನು ಕರೆತರಲು ನಾನು ಹೋಗಿದ್ದೆ. ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬರುವಾಗ ಬೆಂಚಿನ ಮೇಲೆ ನಾಲ್ಕೈದು ಜನ ಕಾಯುತ್ತಿದ್ದರು. ಒಬ್ಬ ಮುದುಕಿ ಪ್ಲೈವುಡ್ಡಿಗೆ ತಲೆಯೊರಗಿಸಿ ತೂಕಡಿಸುತ್ತಿದ್ದಳು. ಅವಳ ತಲೆಯ ಮೇಲೆಯೇ ಕಿಂಡಿ ತೆರೆದಿತ್ತು, ಒಳಗಿನಿಂದ ಬೆರಳುಗಳ ಸದ್ದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಅತ್ತೆ ನಿಲ್ಲಲಿಲ್ಲ. ಬೀದಿಗೆ ಬಂದ ಮೇಲೆ, ವರ್ಷವಿಡೀ ನುಂಗಿಕೊಂಡಿದ್ದ ಪ್ರಶ್ನೆಯನ್ನು ನಾನು ಎಡಗಿವಿಯ ಹತ್ತಿರ ಬಗ್ಗಿ ಕೇಳಿದೆ.

"ಆವತ್ತು ಬೇರೆ ಯಾವುದಾದ್ರೂ ಸುಳ್ಳು ಪತ್ರ ಬರೆದು ಓದಬಹುದಿತ್ತಲ್ಲ ಅತ್ತೆ?"

"ಸುಳ್ಳು ಅಂತ ಗೊತ್ತಾದ್ರೆ ಅವರು ಮತ್ತೆ ನಗ್ತಿದ್ರು. ನಿಜದ್ದೇ ಬೇಕಾಗಿತ್ತು. ನಿಜದ್ದು ನನ್ನ ಹತ್ತಿರ ಸಾವಿರ ಇತ್ತು ಕಣೋ, ಅದರಲ್ಲಿ ನನ್ನದು ಅಂತ ಇದ್ದಿದ್ದು ಅದೊಂದೇ."

ನಮ್ಮ ಬಾಳಿನ ದೊಡ್ಡ ಸಂಗತಿಗಳು ನಮಗೆ ತಿಳಿಯುವ ಮುನ್ನ ಯಾರಿಗೋ ತಿಳಿದಿರುತ್ತವೆ. ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಯ ಮೇಲೆ ಬಗ್ಗಿದವಳಿಗೆ, ಪರೀಕ್ಷೆಯ ಅಂಕಗಳನ್ನು ಪಟ್ಟಿಗೆ ಏರಿಸುವವನಿಗೆ, ಕಾರ್ಖಾನೆ ಮುಚ್ಚುವ ಆದೇಶವನ್ನು ಅಚ್ಚುಕಟ್ಟಾಗಿ ಬೆರಳಚ್ಚು ಮಾಡುವ ಗುಮಾಸ್ತನಿಗೆ. ಅವರು ಮೆಟ್ಟಿಲ ಮೇಲೆ ನಮಗೆ ಎದುರಾಗುತ್ತಾರೆ, ಬಿಸಿಲು ಜಾಸ್ತಿ ಎನ್ನುತ್ತಾರೆ, ಮಕ್ಕಳು ಚೆನ್ನಾಗಿದ್ದಾರಾ ಎಂದು ಕೇಳುತ್ತಾರೆ, ಮುಖದ ಒಂದು ಗೆರೆಯನ್ನೂ ಕದಲಿಸದೆ ಪಕ್ಕಕ್ಕೆ ಸರಿದು ನಮಗೆ ದಾರಿ ಬಿಡುತ್ತಾರೆ. ಅವರ ಈ ಗಟ್ಟಿತನ ಕೆಲವು ಸಲ ಕ್ರೌರ್ಯದಂತೆ ಕಾಣುತ್ತದೆ, ನನ್ನ ಅಮ್ಮನಿಗೆ ಕಂಡಂತೆ. ಆದರೂ ಸುದ್ದಿ ತಲುಪುವುದಕ್ಕೆ ಮೊದಲಿನ ಎರಡು ದಿನವೋ, ಒಂದು ಬೆಳಗೋ, ಬೆಂಚಿನ ಮೇಲಿನ ಅರ್ಧ ಗಂಟೆಯೋ, ನಾವು ಇನ್ನೂ ಹಳೆಯ ನಾವಾಗಿಯೇ ಕೂತು ತೂಕಡಿಸಲು ಸಾಧ್ಯವಾಗಿರುವುದು ಇಂಥವರಿಂದ. ಆ ಹೊತ್ತನ್ನು ನಮಗಾಗಿ ಕಾಪಾಡುತ್ತಿರುವವರು ಯಾರೆಂದು ನಮಗೆ ಆಗ ಗೊತ್ತಾಗುವುದಿಲ್ಲ, ಗೊತ್ತಾದರೆ ಅವರು ಕಾಪಾಡಲಿಲ್ಲವೆಂದೇ ಅರ್ಥ.